ಒಂದೇ 30 ಲೀಟರ್ ಪಾತ್ರೆ: ಬಿಯರ್‌ಗೂ ಸೂಪಿಗೂ ಸಾಕೇ?

ಕುದಿಬಿಂದು

ಸ್ಟೀಲಿನ 30 ಲೀಟರ್ ಪಾತ್ರೆ ಇದೆ, ತಳದ ಹತ್ತಿರ ಬಾಲ್ ವಾಲ್ವ್. ಜೊತೆಗೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನೆನೆಸುವ ಬಲೆಚೀಲ, ತಣಿಸಲು ತಾಮ್ರದ ಕಾಯಿಲ್. ಇದರಲ್ಲೇ 20 ಲೀಟರ್ ಬಿಯರ್ ಮಾಡಬೇಕು, ಬೇರೆ ದಿನ ಗಟ್ಟಿ ಸೂಪೂ ಆಗಬೇಕು. ಸೂಪಿನ ಜಿಡ್ಡು, ಬೆಳ್ಳುಳ್ಳಿ ವಾಸನೆ ಬಿಯರ್‌ಗೆ ಹತ್ತುತ್ತದೆಯೇ? ಕುಡಿಯುವುದಕ್ಕೂ ಸೂಪಿಗೆ ಹಾಕುವುದಕ್ಕೂ ಒಗ್ಗುವ ಬಿಯರ್ ಯಾವುದು? ಬಿಯರ್ ಹಾಕಿದ ಸೂಪ್ ಕಹಿಯಾಗುವುದು, ಚೀಸ್ ಒಡೆಯುವುದು ಯಾಕೆ? ತಿಳಿದವರು ಅಳತೆ ಸಮೇತ ಹೇಳಿದರೆ ಉಪಕಾರ.

ವೇದಿಕೆ ನಿರ್ವಾಹಕ

ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಎಲ್ಲ ಕಡೆ ಒಂದೇ ಕಾನೂನಿಲ್ಲ. ನಿಮ್ಮಲ್ಲಿ ಅನುಮತಿ ಇದೆಯೇ, ಎಷ್ಟು ಲೀಟರ್ ತನಕ ಎಂದು ಮೊದಲು ನೋಡಿಕೊಳ್ಳಿ.

ಧಾನ್ಯಚೀಲ

ಪಾತ್ರೆ ಒಂದೇ ಇರಲಿ, ತೊಂದರೆಯಿಲ್ಲ. ಗೆರೆ ಎಳೆಯಬೇಕಾದ್ದು ಬೇರೆ ಕಡೆ. ಕುದಿಯುವುದಕ್ಕೆ ಮೊದಲು ಬಳಸುವ ಸಾಮಾನು, ಅಂದರೆ ಪಾತ್ರೆ, ಸೌಟು, ಥರ್ಮಾಮೀಟರ್, ಅಡುಗೆಮನೆಯದ್ದೇ ಆದರೂ ನಡೆಯುತ್ತದೆ. ವರ್ಟ್ (ಮಾಲ್ಟ್ ನೆನೆಸಿ ತೆಗೆದ ಸಿಹಿ ರಸ) ತಣ್ಣಗಾದ ಮೇಲೆ ಅದನ್ನು ಮುಟ್ಟುವ ಹುದುಗಿಸುವ ಡ್ರಮ್, ಪೈಪು, ಏರ್‌ಲಾಕ್ (ಅನಿಲ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಬಿರಡೆ), ಬಾಟಲಿ ತುಂಬುವ ಕೋಲು, ಇವು ಯಾವತ್ತೂ ಸೂಪಿನ ಹತ್ತಿರ ಸುಳಿಯಬಾರದು. ಪ್ಲಾಸ್ಟಿಕ್ ಮತ್ತು ಸಿಲಿಕಾನ್ ಬೆಳ್ಳುಳ್ಳಿ ವಾಸನೆಯನ್ನು ಒಳಗೆ ಎಳೆದುಕೊಳ್ಳುತ್ತವೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಸ್ಟೀಲಿಗೆ ಆ ಗುಣವಿಲ್ಲ.

ಅಸಲಿ ಸಮಸ್ಯೆ ನಿಮ್ಮ ವಾಲ್ವ್. ಬಾಲ್ ವಾಲ್ವ್ ಮುಚ್ಚಿದಾಗ ಉಂಡೆಯ ಹಿಂದೆ ಸಣ್ಣ ಸಂದು ಉಳಿಯುತ್ತದೆ. ಸೂಪಿನ ಕೊಬ್ಬು, ಬಾರ್ಲಿ ಕಾಳು, ಹಿಟ್ಟು ಅಲ್ಲಿ ಸೇರಿದರೆ ಹೊರಗಿನಿಂದ ತೊಳೆದು ತೆಗೆಯಲು ಆಗುವುದಿಲ್ಲ. ಸೂಪ್ ಮಾಡುವ ದಿನ ವಾಲ್ವ್ ಬಿಚ್ಚಿ, ಆ ತೂತಿಗೆ ತಿರುಪಿನ ಮುಚ್ಚಳ ಹಾಕಿ. ಬಿಯರ್ ಮುಗಿದ ಮೇಲೂ ವಾಲ್ವನ್ನು ಬಿಡಿಸಿ ತೊಳೆಯಿರಿ. ಬಿಡಿಸಲು ಬಾರದ ಒಂದೇ ತುಂಡಿನ ವಾಲ್ವ್ ಆಗಿದ್ದರೆ ಎರಡು ಅಥವಾ ಮೂರು ಭಾಗದ್ದನ್ನು ತಂದು ಹಾಕಿ.

ನೊರೆನಂಟು

ಜಿಡ್ಡಿನ ಬಗ್ಗೆ: ಒಂದು ಗಂಟೆ ಕುದಿಸಿದರೆ ಜಿಡ್ಡು ಹೋಗಿಬಿಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ, ಕೊಬ್ಬು ಆವಿಯಾಗುವ ವಸ್ತುವಲ್ಲ. ಬಿಯರ್ ನೊರೆ ನಿಲ್ಲುವುದು ಮಾಲ್ಟಿನ ಪ್ರೋಟೀನೂ ಹಾಪ್ಸ್ ಎಂಬ ಹೂವಿನ ಕಹಿಯಂಶವೂ ಸೇರಿ ಗುಳ್ಳೆಯ ಸುತ್ತ ಕಟ್ಟುವ ಪೊರೆಯಿಂದ. ಕೊಬ್ಬು ಆ ಪೊರೆಯನ್ನು ಹರಿದುಬಿಡುತ್ತದೆ.

ಹಾಗಂತ ಪಾತ್ರೆಯಲ್ಲಿ ಅಲ್ಪಸ್ವಲ್ಪ ಜಿಡ್ಡು ಉಳಿದರೆ ಬಿಯರ್ ಪೂರ್ತಿ ಕೆಡುತ್ತದೆ ಎಂದೂ ಅಲ್ಲ. ಬಹುಪಾಲು ಕುದಿತದ ಗಸಿಗೆ ಅಂಟಿಕೊಂಡು ತಳ ಸೇರುತ್ತದೆ, ಇನ್ನಷ್ಟನ್ನು ಯೀಸ್ಟ್ ಬಳಸಿಕೊಳ್ಳುತ್ತದೆ. ನೊರೆ ನಿಲ್ಲುತ್ತಿಲ್ಲ ಎನ್ನುವವರು ಮೊದಲು ಪರೀಕ್ಷಿಸಬೇಕಾದ್ದು ಲೋಟವನ್ನು. ಜಿಡ್ಡಿನ ಪಾತ್ರೆ ತಿಕ್ಕಿದ ಸ್ಪಂಜಿನಿಂದಲೇ ಬಿಯರ್ ಲೋಟ ತೊಳೆದರೆ, ಎಷ್ಟು ಒಳ್ಳೆಯ ಬಿಯರ್ ಸುರಿದರೂ ನೊರೆ ಕ್ಷಣದಲ್ಲಿ ಮಾಯ. ಲೋಟಕ್ಕೆ ಬೇರೆ ಸ್ಪಂಜ್ ಇಡಿ.

ಸೂಪ್ ಆದ ಮೇಲೆ ಪಾತ್ರೆ ತೊಳೆಯುವ ಕ್ರಮ: ಬಿಸಿನೀರು, ಪಾತ್ರೆ ಸೋಪು ಹಾಕಿ ಮೆತ್ತನೆ ಬಟ್ಟೆಯಲ್ಲಿ ಒಂದು ಸುತ್ತು. ಆಮೇಲೆ 60 ಡಿಗ್ರಿಯ ನೀರಿಗೆ ಲೀಟರಿಗೆ 5ರಿಂದ 8 ಗ್ರಾಂ ಸೋಡಿಯಂ ಪರ್ಕಾರ್ಬೊನೇಟ್ ಕದಡಿ, ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಜಾಲಿಸಿ. ಜಿಡ್ಡು ಹೋಯಿತೇ ಎಂದು ನೋಡಲು ಪಾತ್ರೆಯ ಒಳಗೋಡೆಗೆ ನೀರು ಸುರಿಯಿರಿ. ನೀರು ಒಂದೇ ಪದರವಾಗಿ ಜಾರಿದರೆ ಶುದ್ಧ. ಹನಿಹನಿಯಾಗಿ ಒಡೆದು ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೊಮ್ಮೆ ತೊಳೆಯಿರಿ. ಬ್ಲೀಚ್ ಬೇಡ, ಸ್ಟೀಲ್ ನಾರೂ ಬೇಡ. ಬ್ಲೀಚಿನ ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲಿನ ರಕ್ಷಣಾ ಪದರ ತಿಂದು ಚುಕ್ಕಿ ಚುಕ್ಕಿ ತೂತು ಮಾಡುತ್ತದೆ.

ಮೂಳೆರಸ

ಅದೇ ಕಾರಣಕ್ಕೆ ಉಪ್ಪಿನ ವಿಷಯವೂ ಗಮನದಲ್ಲಿರಲಿ. ತಣ್ಣೀರಿಗೆ ಉಪ್ಪು ಸುರಿದು ಹಾಗೇ ಬಿಟ್ಟರೆ ಅದು ತಳದಲ್ಲಿ ಕುಳಿತು ಸ್ಟೀಲನ್ನು ಕೊರೆಯುತ್ತದೆ. ಕುದಿ ಬಂದ ಮೇಲೆ ಹಾಕಿ, ಕಲಕಿ. ಉಪ್ಪು ಹಾಕಿದ ಸೂಪನ್ನು ರಾತ್ರಿಯಿಡೀ ಆ ಪಾತ್ರೆಯಲ್ಲಿ ಇಡಲೇಬೇಡಿ.

ಪಾತ್ರೆ ಅಲ್ಯೂಮಿನಿಯಂ ಆಗಿರುವವರಿಗೆ: ಪರ್ಕಾರ್ಬೊನೇಟ್‌ನಂಥ ಕ್ಷಾರ ಅದನ್ನು ಕಪ್ಪಾಗಿಸುತ್ತದೆ, ಟೊಮೆಟೊದ ಹುಳಿ ಅದರ ಪದರ ಕಿತ್ತು ಸೂಪಿಗೆ ಲೋಹದ ರುಚಿ ತರುತ್ತದೆ. ಅಂಥ ಪಾತ್ರೆಯನ್ನು ಬಿಯರ್‌ಗಷ್ಟೇ ಇಟ್ಟುಕೊಳ್ಳಿ.

ಇನ್ನೊಂದು. ಬಿಯರ್ ಪಾತ್ರೆಗಳ ತಳ ಸಾಮಾನ್ಯವಾಗಿ ತೆಳು. ನೀರಿನಂಥ ವರ್ಟ್‌ಗೆ ಅದು ಸಾಕು. ಹಿಟ್ಟು, ಬೇಳೆ, ಬಾರ್ಲಿ ಸೇರಿದ ಸೂಪ್ ಅದರಲ್ಲಿ ತಳ ಹಿಡಿಯುತ್ತದೆ. ಹಾಗಾಗಿ ಈ ಪಾತ್ರೆಯಲ್ಲಿ ಮೂಳೆ ಸ್ಟಾಕ್ ಮಾತ್ರ ದೊಡ್ಡ ಪ್ರಮಾಣದಲ್ಲಿ ಮಾಡಿ, ಸೋಸಿ, ಗಟ್ಟಿ ಸೂಪನ್ನು ದಪ್ಪ ತಳದ 8 ಅಥವಾ 10 ಲೀಟರ್ ಪಾತ್ರೆಯಲ್ಲಿ ಮುಗಿಸುವುದು ಜಾಣತನ. 6 ಕೆಜಿ ಮೂಳೆಗೆ 12 ಲೀಟರ್ ತಣ್ಣೀರು. ತಣ್ಣೀರಿನಿಂದಲೇ ಶುರು ಮಾಡಿದರೆ ಪ್ರೋಟೀನ್ ನಿಧಾನವಾಗಿ ಹೆಪ್ಪುಗಟ್ಟಿ ಮೇಲೆ ತೇಲುತ್ತದೆ, ಸೌಟಿನಲ್ಲಿ ತೆಗೆಯಬಹುದು. 85ರಿಂದ 95 ಡಿಗ್ರಿ ನಡುವೆ ಇರಲಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು ಅಷ್ಟೇ. ಕೊತಕೊತ ಕುದಿಸಿದರೆ ಕೊಬ್ಬು ರಸದೊಳಗೇ ಒಡೆದು ಬೆರೆತು ಸ್ಟಾಕ್ ಕದಡುತ್ತದೆ. ಕೋಳಿ ಮೂಳೆಗೆ 3ರಿಂದ 4 ಗಂಟೆ, ದನದ ಮೂಳೆಗೆ 6ರಿಂದ 8. ಫ್ರಿಜ್ಜಿನಲ್ಲಿಟ್ಟಾಗ ಅದು ಜೆಲ್ಲಿಯಂತೆ ಅಲುಗಿದರೆ ಜೆಲಟಿನ್ ಬಿಟ್ಟಿದೆ ಎಂದರ್ಥ. ಗಟ್ಟಿ ಸೂಪಿನ ಮೈ ಬರುವುದು ಅದರಿಂದ, ಹಿಟ್ಟಿನಿಂದಲ್ಲ.

ಕುದಿಬಿಂದು

ವಾಲ್ವ್ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ಬಿಯರ್ ಅಳತೆ ಯಾರಾದರೂ ಹೇಳುತ್ತೀರಾ?

ಧಾನ್ಯಚೀಲ

ಸೂಪಿಗೂ ಬೇಕು ಅಂದರೆ ಮಾಲ್ಟ್ ಮುಂದೆ, ಕಹಿ ಹಿಂದೆ ಇರುವ ಏಲ್ (ತುಸು ಬೆಚ್ಚಗೆ ಹುದುಗಿಸುವ ಬಿಯರ್) ಮಾಡಿ. 20 ಲೀಟರಿಗೆ:

ಪೇಲ್ ಮಾಲ್ಟ್ 4 ಕೆಜಿ, ಮ್ಯೂನಿಕ್ ಮಾಲ್ಟ್ 400 ಗ್ರಾಂ, ಮಧ್ಯಮ ಬಣ್ಣದ ಕ್ರಿಸ್ಟಲ್ ಮಾಲ್ಟ್ 200 ಗ್ರಾಂ. ಆಲ್ಫಾ ಆಮ್ಲ (ಕಹಿ ಕೊಡುವ ಅಂಶ) ಶೇ. 5 ಇರುವ ಹಾಪ್ಸ್ 35 ಗ್ರಾಂ, ಎಲ್ಲವೂ 60 ನಿಮಿಷದ ಕುದಿಗೆ. ಒಣ ಏಲ್ ಯೀಸ್ಟ್ 11.5 ಗ್ರಾಂ ಪೊಟ್ಟಣ ಒಂದು. ಇದರಿಂದ ಕಹಿ ಸುಮಾರು 20 ಐಬಿಯು (ಬಿಯರ್ ಕಹಿಯ ಅಳತೆ) ಬರುತ್ತದೆ. ಪರಿಮಳಕ್ಕೆಂದು ಕೊನೆಯಲ್ಲಿ ಹಾಪ್ಸ್ ಹಾಕಬೇಡಿ. ಸೂಪಿನ ಬಿಸಿಗೆ ಆ ಪರಿಮಳ ಹಾರಿಹೋಗಿ, ಹಾಪ್ಸ್ ದಂಡವಾಗುತ್ತದೆ.

ನೀರಿನ ಲೆಕ್ಕದಲ್ಲಿ ಎಡವಬೇಡಿ. ಒಟ್ಟು 28 ಲೀಟರ್ ಬೇಕು. ಆದರೆ 4.6 ಕೆಜಿ ಮಾಲ್ಟೇ ಸುಮಾರು 3 ಲೀಟರ್ ಜಾಗ ಹಿಡಿಯುವುದರಿಂದ, ಪೂರ್ತಿ ನೀರನ್ನು ಒಮ್ಮೆಗೇ ಹಾಕಿದರೆ ನಿಮ್ಮ ಪಾತ್ರೆ ತುಂಬಿ ಹರಿಯುತ್ತದೆ. 22 ಲೀಟರನ್ನು 71 ಡಿಗ್ರಿಗೆ ಕಾಯಿಸಿ, ಚೀಲದಲ್ಲಿ ಮಾಲ್ಟ್ ಇಳಿಸಿ, ಗಂಟಿಲ್ಲದಂತೆ ಕದಡಿ. ಮಾಲ್ಟ್ 25 ಡಿಗ್ರಿಯಷ್ಟಿದ್ದರೆ ಒಟ್ಟು 67ಕ್ಕೆ ಬಂದು ನಿಲ್ಲುತ್ತದೆ. ಉರಿ ಆರಿಸಿ, ಕಂಬಳಿ ಸುತ್ತಿ ಒಂದು ಗಂಟೆ ಬಿಡಿ. ಆಮೇಲೆ ಚೀಲ ಎತ್ತಿ, ಸೋರಲು ಬಿಟ್ಟು, 75 ಡಿಗ್ರಿಯ 6 ಲೀಟರ್ ನೀರನ್ನು ಅದರ ಮೇಲೆ ನಿಧಾನವಾಗಿ ಸುರಿಯಿರಿ. ಪಾತ್ರೆಯಲ್ಲಿ ಸುಮಾರು 25 ಲೀಟರ್ ವರ್ಟ್ ಸಿಗಬೇಕು.

67 ಯಾಕೆ ಅಂದರೆ, 62ರಿಂದ 65ರಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಬೀಟಾ ಅಮೈಲೇಸ್ ಕಿಣ್ವ ಚುರುಕು, ಯೀಸ್ಟ್ ಪೂರ್ತಿ ತಿನ್ನುವ ಸಕ್ಕರೆ ಹೆಚ್ಚು ಬಂದು ಬಿಯರ್ ತೆಳುವಾಗುತ್ತದೆ. 68ರಿಂದ 72ರಲ್ಲಿ ಆಲ್ಫಾ ಅಮೈಲೇಸಿನದ್ದು ಮೇಲುಗೈ, ಯೀಸ್ಟ್ ತಿನ್ನಲಾಗದ ಅಂಶ ಹೆಚ್ಚು ಉಳಿದು ಮೈ ತುಂಬುತ್ತದೆ. ಥರ್ಮಾಮೀಟರ್ ಎರಡು ಡಿಗ್ರಿ ತಪ್ಪು ತೋರಿಸಿದರೂ ಬಿಯರ್ ಬೇರೆಯೇ ಆಗುತ್ತದೆ. ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಇಟ್ಟು ಸೊನ್ನೆ ತೋರಿಸುತ್ತದೆಯೇ ನೋಡಿ.

ಕುದಿ ಬರುವ ಹೊತ್ತಿಗೆ ಒಲೆ ಬಿಟ್ಟು ಕದಲಬೇಡಿ. 30ರ ಪಾತ್ರೆಯಲ್ಲಿ 25 ಲೀಟರ್ ಅಂದರೆ ಉಕ್ಕುವುದಕ್ಕೆ ಅರೆ ನಿಮಿಷ ಸಾಕು. ಮುಚ್ಚಳ ಮುಚ್ಚಬೇಡಿ. ಬೇಯಿಸಿದ ಜೋಳದ ವಾಸನೆ ತರುವ ಡಿಎಂಎಸ್ ಆವಿಯ ಜೊತೆ ಹೊರಗೆ ಹೋಗಬೇಕು. ಕೊನೆಯ 15 ನಿಮಿಷ ತಾಮ್ರದ ಕಾಯಿಲ್ ಒಳಗಿಡಿ, ಅದೂ ಶುದ್ಧವಾಗುತ್ತದೆ. 20 ಡಿಗ್ರಿ ಒಳಗೆ ತಣಿಸಿ, ಗಸಿ ಬಿಟ್ಟು ಡ್ರಮ್ಮಿಗೆ ಇಳಿಸಿ, ಯೀಸ್ಟ್ ಹಾಕಿ. ಸಾಂದ್ರತೆ (ಗ್ರಾವಿಟಿ) ಅಳೆಯುವ ಹೈಡ್ರೋಮೀಟರ್ 1.048 ಆಸುಪಾಸು ತೋರಿಸಬೇಕು.

ನೊರೆನಂಟು

ಧಾನ್ಯಚೀಲ ಅವರ ಅಳತೆ ಸರಿಯಿದೆ. ನೀರಿನ ಬಗ್ಗೆ ಒಂದು ಮಾತು ಸೇರಿಸಬೇಕು. ನಲ್ಲಿ ನೀರಿಗೆ ಕ್ಲೋರಿನ್ ಅಥವಾ ಕ್ಲೋರಮೈನ್ ಹಾಕಿದ್ದರೆ ಅದು ಮಾಲ್ಟಿನ ಫೀನಾಲ್ ಜೊತೆ ಸೇರಿ ಆಸ್ಪತ್ರೆ ವಾಸನೆಯ ಕ್ಲೋರೋಫೀನಾಲ್ ಆಗುತ್ತದೆ. ತೀರಾ ಸಣ್ಣ ಪ್ರಮಾಣದಲ್ಲೇ ನಾಲಿಗೆಗೆ ಸಿಗುತ್ತದೆ, ಆಮೇಲೆ ತೆಗೆಯುವ ದಾರಿಯಿಲ್ಲ. ಕ್ಲೋರಿನ್ ಕುದಿಸಿದರೆ ಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಇವೆರಡನ್ನೂ ತೆಗೆಯಲು ಒಂದು ಕ್ಯಾಂಪ್ಡನ್ (ಮೆಟಾಬೈಸಲ್ಫೈಟ್) ಮಾತ್ರೆ ಸುಮಾರು 75 ಲೀಟರಿಗೆ ಸಾಕು. ನಿಮ್ಮ 28 ಲೀಟರಿಗೆ ಅರ್ಧ ಮಾತ್ರೆ ಪುಡಿ ಮಾಡಿ ತಣ್ಣೀರಿನಲ್ಲೇ ಕದಡಿ, ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಹುದುಗುವಾಗ 18ರಿಂದ 20 ಡಿಗ್ರಿ ಅಂದರೆ ಕೋಣೆಯದ್ದಲ್ಲ, ಡ್ರಮ್ಮಿನ ಒಳಗಿನದ್ದು. ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ಒಳಗೆ 2ರಿಂದ 4 ಡಿಗ್ರಿ ಹೆಚ್ಚಿರುತ್ತದೆ. ಡ್ರಮ್ಮನ್ನು ನೀರಿನ ಟಬ್ಬಿನಲ್ಲಿಟ್ಟು, ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ಬೆಳಗ್ಗೆ ಸಂಜೆ ಬದಲಿಸುತ್ತಿದ್ದರೆ ಹತೋಟಿಗೆ ಬರುತ್ತದೆ. ಮೊದಲ ಮೂರು ದಿನದ ತಾಪಮಾನವೇ ಬಿಯರ್‌ನ ಹಣೆಬರಹ. ಬಿಸಿ ಹೆಚ್ಚಾದರೆ ಸಾಲ್ವೆಂಟಿನಂಥ ಘಾಟು ಬಂದು ತಲೆ ಹಿಡಿಯುತ್ತದೆ.

ಸಣ್ಣ ಉರಿ

ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತು ಎಂದರೆ ಬಾಟಲಿಗೆ ತುಂಬಬಹುದೇ?

ಧಾನ್ಯಚೀಲ

ಬೇಡ. ಗುಳ್ಳೆಯನ್ನು ನಂಬಬೇಡಿ, ಹೈಡ್ರೋಮೀಟರ್ ನಂಬಿ. ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದಾಗ ಗ್ರಾವಿಟಿ ಒಂದೇ ಇರಬೇಕು, ಈ ಅಳತೆಗೆ 1.010ರಿಂದ 1.013 ನಡುವೆ. ಮೊದಲಿನದರಿಂದ ಕೊನೆಯದನ್ನು ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲ್ ಶೇಕಡಾ ಸಿಗುತ್ತದೆ, ಇಲ್ಲಿ 4.7 ಹತ್ತಿರ. ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಸಾಧನ) ಇರುವವರು ನೆನಪಿಡಿ, ಆಲ್ಕೋಹಾಲ್ ಬೆರೆತ ಮೇಲೆ ಅದರ ಸಂಖ್ಯೆಯನ್ನು ಹಾಗೇ ತೆಗೆದುಕೊಳ್ಳುವಂತಿಲ್ಲ, ತಿದ್ದುಪಡಿ ಲೆಕ್ಕ ಬೇಕು.

ಬಾಟಲಿಗೆ ಸಕ್ಕರೆ ಲೀಟರಿಗೆ 6 ಗ್ರಾಂ, 20 ಲೀಟರಿಗೆ 120. ಒಂದು ಲೋಟ ನೀರಿನಲ್ಲಿ ಕುದಿಸಿ, ತಣಿಸಿ, ಖಾಲಿ ಡ್ರಮ್ಮಿನ ತಳಕ್ಕೆ ಹಾಕಿ, ಅದರ ಮೇಲೆ ಬಿಯರನ್ನು ಸದ್ದಿಲ್ಲದೆ ಇಳಿಸಿ. ಸಿಡಿಸಿದರೆ ಗಾಳಿ ಬೆರೆತು ಕೆಲವು ವಾರದಲ್ಲಿ ಒದ್ದೆ ರಟ್ಟಿನ ರುಚಿ ಬರುತ್ತದೆ. ಹುದುಗುವುದು ಮುಗಿಯದೆ ತುಂಬಿದರೆ, ಉಳಿದ ಪ್ರತಿ ಒಂದು ಪಾಯಿಂಟ್ (0.001) ಗ್ರಾವಿಟಿ ಹೆಚ್ಚುಕಡಿಮೆ ಅರ್ಧ ವಾಲ್ಯೂಮ್ (ಲೀಟರ್ ಬಿಯರ್‌ಗೆ ಅರ್ಧ ಲೀಟರ್) ಅನಿಲ ಹುಟ್ಟಿಸುತ್ತದೆ. ಬಿಯರ್‌ನಲ್ಲಿ ಮೊದಲೇ ಕರಗಿರುವುದೂ ಸಕ್ಕರೆಯಿಂದ ಬರುವುದೂ ಸೇರಿ ಆಗುವ 2.4 ವಾಲ್ಯೂಮಿನ ಮೇಲೆ ನಾಲ್ಕು ಪಾಯಿಂಟ್ ಸೇರಿದರೆ 4.4. ಸಾಮಾನ್ಯ ಗಾಜಿನ ಬಾಟಲಿ ಅಲ್ಲಿ ಒಡೆಯಬಹುದು, ಚೂರು ಕಣ್ಣಿಗೆ ಹಾರಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ದೊಡ್ಡ ಸೌಟು

ಈಗ ಸೂಪಿನ ಕಹಿಗೆ ಬರೋಣ. ಬಿಯರ್‌ನ ಕಹಿ ಆವಿಯಾಗುವುದಿಲ್ಲ. ನೀರು, ಆಲ್ಕೋಹಾಲ್ ಹೋಗುತ್ತಾ ಹೋದಂತೆ ಕಹಿ ಗಾಢವಾಗುತ್ತದೆ. ಲೆಕ್ಕ ಹಾಕಿ ನೋಡಿ: 20 ಐಬಿಯು ಬಿಯರ್ 600 ಮಿಲಿ, 6 ಲೀಟರ್ ಸೂಪಿಗೆ ಹಾಕಿದರೆ ಸೂಪಿನಲ್ಲಿ ಕಹಿ 2 ಐಬಿಯು, ನಾಲಿಗೆಗೆ ಗೊತ್ತೇ ಆಗುವುದಿಲ್ಲ. 60 ಐಬಿಯು ಐಪಿಎಯನ್ನು (ಹಾಪ್ಸ್ ಹೆಚ್ಚಿರುವ ಕಹಿ ಏಲ್) ಅರ್ಧಕ್ಕರ್ಧ ಹಾಕಿದರೆ 30, ಅದು ಇಂಗಿ ಮೂರರಲ್ಲಿ ಎರಡು ಪಾಲು ಉಳಿದಾಗ 45. ಯಾವ ಸಕ್ಕರೆಯಿಂದಲೂ ಅದನ್ನು ಸರಿಮಾಡಲಾಗದು. ಸೂಪಿನ ಹತ್ತನೇ ಒಂದು ಪಾಲು ಬಿಯರ್, 25 ಐಬಿಯು ಒಳಗಿನದು, ಇಷ್ಟೇ ನಿಯಮ.

6 ಲೀಟರ್ ಬಾರ್ಲಿ ಸೂಪಿಗೆ: ಈರುಳ್ಳಿ 1 ಕೆಜಿ, ಕ್ಯಾರೆಟ್ ಅರ್ಧ ಕೆಜಿ, ಸೆಲರಿ 300 ಗ್ರಾಂ, ಅಣಬೆ 400 ಗ್ರಾಂ, ಪಾಲಿಶ್ ಮಾಡಿದ ಬಾರ್ಲಿ 250 ಗ್ರಾಂ, ಬಿಯರ್ 600 ಮಿಲಿ, ಸ್ಟಾಕ್ ನಾಲ್ಕೂವರೆ ಲೀಟರ್. ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ 45 ನಿಮಿಷ, ಜೇನಿನ ಬಣ್ಣಕ್ಕೆ ಬರುವ ತನಕ ಬಾಡಿಸಿ. ಇಲ್ಲಿ ಅವಸರ ಮಾಡಿದವರ ಸೂಪಿಗೆ ಸಿಹಿಯ ಬುನಾದಿಯೇ ಇರುವುದಿಲ್ಲ, ಬಿಯರ್‌ನ ಸಣ್ಣ ಕಹಿಯೂ ಎದ್ದು ಕಾಣುತ್ತದೆ. ಅಣಬೆಯನ್ನು ಬೇರೆ ಬಾಣಲೆಯಲ್ಲಿ ಹುರಿಯಿರಿ, ಈರುಳ್ಳಿ ಜೊತೆ ಹಾಕಿದರೆ ನೀರು ಬಿಟ್ಟು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಬಿಯರ್ ಸುರಿದು, ತಳಕ್ಕೆ ಅಂಟಿದ್ದನ್ನು ಕೆರೆದು, ಐದು ನಿಮಿಷ ಕುದಿಸಿ, ಸ್ಟಾಕ್, ಬಾರ್ಲಿ ಹಾಕಿ. 45 ನಿಮಿಷಕ್ಕೆ ಬಾರ್ಲಿ ಬೇಯುತ್ತದೆ. ಕ್ಯಾರೆಟ್, ಸೆಲರಿ ಕೊನೆಯ 20 ನಿಮಿಷಕ್ಕೆ. ಉಪ್ಪು ಲೀಟರಿಗೆ 8 ಗ್ರಾಂನಿಂದ ಶುರುಮಾಡಿ, ಕೊನೆಯಲ್ಲೇ ಹಾಕಿ. ಉಪ್ಪು ಕಹಿಯನ್ನೂ ತಗ್ಗಿಸುತ್ತದೆ.

ಬಾರ್ಲಿ ರಾತ್ರಿ ಕಳೆಯುವುದರೊಳಗೆ ರಸವನ್ನೆಲ್ಲ ಹೀರುತ್ತದೆ. ಎತ್ತಿಡುವ ಸೂಪಾದರೆ ಬಾರ್ಲಿಯನ್ನು ಬೇರೆಯಾಗಿ ಬೇಯಿಸಿಟ್ಟು ಬಡಿಸುವಾಗ ಸೇರಿಸಿ.

ಸಣ್ಣ ಉರಿ

ಕುದಿಸಿದರೆ ಆಲ್ಕೋಹಾಲ್ ಪೂರ್ತಿ ಹೋಗುತ್ತದಲ್ಲವೇ? ಮಕ್ಕಳಿಗೂ ಬಡಿಸಬಹುದೇ?

ದೊಡ್ಡ ಸೌಟು

ಪೂರ್ತಿ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 15 ನಿಮಿಷ ಕುದಿಸಿದರೆ ಶೇ. 40 ಉಳಿಯುತ್ತದೆ, ಒಂದು ಗಂಟೆಗೆ ಶೇ. 25, ಎರಡು ಗಂಟೆಗೆ ಶೇ. 10. ಮೇಲಿನ ಸೂಪಿನಲ್ಲಿ ಉಳಿಯುವುದು ಬಹಳ ಕಡಿಮೆಯೇ, ಆದರೆ ಸೊನ್ನೆ ಅಲ್ಲ. ಮಕ್ಕಳಿಗೆ, ಬಸುರಿಯರಿಗೆ, ಮದ್ಯ ಮುಟ್ಟದವರಿಗೆ ಬಿಯರ್ ಇಲ್ಲದ ಸೂಪನ್ನೇ ಮಾಡಿ, ಬಡಿಸುವ ಮೊದಲು ಎಲ್ಲರಿಗೂ ತಿಳಿಸಿ. ಬಾರ್ಲಿ, ಮಾಲ್ಟ್ ಎರಡರಲ್ಲೂ ಗ್ಲುಟನ್ ಇದೆ ಎಂಬುದನ್ನೂ ಹೇಳಬೇಕು.

ಮೂಳೆರಸ

ಕಾಳಿನ ಸೂಪಿಗೆ ಬಿಯರ್ ಹಾಕುವವರು ಗಮನಿಸಿ. ಬಿಯರ್ ಹುಳಿ, ಪಿಎಚ್ 4ರಿಂದ 4.5. ಹುಳಿಯಲ್ಲಿ ಕಾಳಿನ ಪೆಕ್ಟಿನ್ ಕರಗುವುದಿಲ್ಲ, ಎಷ್ಟು ಹೊತ್ತು ಬೇಯಿಸಿದರೂ ಕಾಳು ಗಟ್ಟಿ. ಕಾಳು ಪೂರ್ತಿ ಮೆತ್ತಗಾದ ಮೇಲೆಯೇ ಬಿಯರ್, ಟೊಮೆಟೊ. ನೀರಿನ ಕ್ಯಾಲ್ಸಿಯಂ ಕೂಡ ಹಾಗೇ ಮಾಡುತ್ತದೆ. ಬಿಯರ್‌ಗೆಂದು ಜಿಪ್ಸಂ, ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರು ಉಳಿದಿದ್ದರೆ ಅದರಲ್ಲಿ ಕಾಳು ಬೇಯಿಸಬೇಡಿ. ಲೀಟರಿಗೆ 15 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ರಾತ್ರಿ ನೆನೆಸಿದರೆ ಸಿಪ್ಪೆ ಮೆತ್ತಗಾಗುತ್ತದೆ.

ರಾಜ್ಮಾ ಆದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಅದರಲ್ಲಿರುವ ಲೆಕ್ಟಿನ್ ವಿಷ ಸ್ಲೋ ಕುಕ್ಕರಿನ ಕಡಿಮೆ ಬಿಸಿಗೆ ನಾಶವಾಗುವುದಿಲ್ಲ, ಜೋರು ವಾಂತಿ ತರಿಸುತ್ತದೆ.

ನೊರೆನಂಟು

ಚೀಸ್ ಸೂಪಿನ ಪ್ರಶ್ನೆ ಉಳಿದಿದೆ. 2 ಲೀಟರಿಗೆ ಬೆಣ್ಣೆ 80 ಗ್ರಾಂ, ಮೈದಾ 80 ಗ್ರಾಂ, ಸ್ಟಾಕ್ 1 ಲೀಟರ್, ಹಾಲು 400 ಮಿಲಿ, ಬಿಯರ್ 200 ಮಿಲಿ, ಚೆಡ್ಡರ್ 400 ಗ್ರಾಂ. ಬೆಣ್ಣೆಯಲ್ಲಿ ಮೈದಾ ಹಸಿವಾಸನೆ ಹೋಗುವ ತನಕ ಹುರಿದು, ಮೊದಲು ಬಿಯರ್, ಆಮೇಲೆ ಸ್ಟಾಕ್, ಕೊನೆಗೆ ಹಾಲು. ಬರೀ ಹಾಲಿಗೆ ಬಿಯರ್ ಸುರಿದರೆ ಹುಳಿಗೆ ಒಡೆಯುತ್ತದೆ, ಹಿಟ್ಟಿನ ಪಿಷ್ಟ ಮೊದಲೇ ಇದ್ದರೆ ಅದು ಪ್ರೋಟೀನ್ ಗಂಟುಕಟ್ಟದಂತೆ ತಡೆಯುತ್ತದೆ. ಹತ್ತು ನಿಮಿಷ ಕುದಿಸಿ, ಒಲೆ ಆರಿಸಿ, 70 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಚೀಸನ್ನು ಹಿಡಿಹಿಡಿಯಾಗಿ ಕದಡಿ. ಚೀಸ್ ಹಾಕಿದ ಮೇಲೆ ಮತ್ತೆ ಕುದಿಸಿದರೆ ಎಣ್ಣೆ ಒಂದು ಕಡೆ, ರಬ್ಬರಿನಂಥ ಗಂಟು ಇನ್ನೊಂದು ಕಡೆ. ಹಳೆಯ ಚೆಡ್ಡರ್ ರುಚಿ ಹೆಚ್ಚು, ಒಡೆಯುವುದೂ ಬೇಗ. 10 ಗ್ರಾಂ ಸೋಡಿಯಂ ಸಿಟ್ರೇಟ್ ಬೆರೆಸಿದರೆ ಅದು ಚೀಸಿನ ಕ್ಯಾಲ್ಸಿಯಂ ಹಿಡಿದುಕೊಂಡು ಕೊಬ್ಬು ಬೇರ್ಪಡದಂತೆ ನೋಡಿಕೊಳ್ಳುತ್ತದೆ. ತುರಿದೇ ಮಾರುವ ಚೀಸಿಗೆ ಅಂಟದಿರಲು ಪುಡಿ ಸವರಿರುತ್ತಾರೆ, ಅದು ಸೂಪನ್ನು ಮರಳುಮರಳಾಗಿಸುತ್ತದೆ. ಗಡ್ಡೆ ತಂದು ನೀವೇ ತುರಿಯಿರಿ.

ಕುದಿಬಿಂದು

ಎಲ್ಲರಿಗೂ ಧನ್ಯವಾದ. ಇನ್ನು ಮೂರೇ ಸಂಶಯ. ಹಿಂಡಿದ ಮಾಲ್ಟನ್ನು ಸೂಪಿಗೆ ಹಾಕಬಹುದೇ? 12 ಲೀಟರ್ ಸ್ಟಾಕ್ ತಣಿಸಲು ಅದೇ ತಾಮ್ರದ ಕಾಯಿಲ್ ಇಳಿಸಬಹುದೇ? ವಾಲ್ವ್ ತೂತಿಗೆ ಯಾವ ಮುಚ್ಚಳ ತರಬೇಕು?

ದೊಡ್ಡ ಸೌಟು

ಮಾಲ್ಟಿನ ಹೊಟ್ಟು ಎಷ್ಟು ಬೇಯಿಸಿದರೂ ಮೆತ್ತಗಾಗದೆ ಗಂಟಲಿಗೆ ಚುಚ್ಚುತ್ತದೆ. ಸೂಪಿಗೆ ಬೇಡ, ಒಣಗಿಸಿ ಪುಡಿಮಾಡಿ ಬ್ರೆಡ್ ಹಿಟ್ಟಿಗೆ ಸೇರಿಸಿ. ಒದ್ದೆ ಮಾಲ್ಟ್ ಕೆಲವೇ ಗಂಟೆಯಲ್ಲಿ ಹುಳಿ ಹಿಡಿಯುತ್ತದೆ, ಆದ್ದರಿಂದ ಅದೇ ದಿನ 100 ಡಿಗ್ರಿಯ ಓವನ್ನಿನಲ್ಲಿ ತೆಳುವಾಗಿ ಹರಡಿ ಒಣಗಿಸಿ. ಸೂಪಿಗೆ ಮಾಲ್ಟಿನ ಸಿಹಿ ಬೇಕಿದ್ದರೆ ಹಾಪ್ಸ್ ಹಾಕುವ ಮೊದಲು 200 ಮಿಲಿ ವರ್ಟ್ ತೆಗೆದಿಟ್ಟುಕೊಂಡು ಈರುಳ್ಳಿ ಜೊತೆ ಇಂಗಿಸಿ, ಬಹಳ ಚೆನ್ನಾಗಿರುತ್ತದೆ. ಕುದಿಸಿ ಉಳಿದ ಹಾಪ್ಸ್ ನಾಯಿಗಳಿಗೆ ವಿಷ, ಮೈ ಬಿಸಿ ವಿಪರೀತ ಏರಿ ಸಾಯಬಹುದು. ಮುಚ್ಚಿದ ಕಸದ ಡಬ್ಬಿಗೆ ಹಾಕಿ.

ಮೂಳೆರಸ

ಕಾಯಿಲನ್ನು ಸ್ಟಾಕಿಗೆ ಇಳಿಸಬೇಡಿ. ಸುರುಳಿಗಳ ನಡುವೆ ಕೊಬ್ಬು ಹೆಪ್ಪುಗಟ್ಟಿದರೆ ತೊಳೆಯಲು ಆಗದು, ಟೊಮೆಟೊ ಹಾಕಿದ ಸೂಪಾದರೆ ತಾಮ್ರವೂ ಬಿಡುತ್ತದೆ. ಪಾತ್ರೆಯನ್ನು ಐಸ್ ನೀರಿನ ಟಬ್ಬಿನಲ್ಲಿಟ್ಟು ಕದಡುತ್ತಿರಿ, ಅಥವಾ ಮೂರು ಬೆರಳು ಆಳದ ಅಗಲ ತಟ್ಟೆಗಳಿಗೆ ಸುರಿಯಿರಿ. 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ಮುಚ್ಚಿಟ್ಟ ದೊಡ್ಡ ಪಾತ್ರೆಯ ನಡುಭಾಗ ಬೆಳಗಾದರೂ ಬೆಚ್ಚಗಿರುತ್ತದೆ, ಕುದಿಯನ್ನೂ ತಾಳಿಕೊಂಡ ಬ್ಯಾಕ್ಟೀರಿಯಾ ಬೀಜಾಣುಗಳು ಅಲ್ಲಿ ಮೊಳೆಯುತ್ತವೆ. ಅದರಲ್ಲಿ ಕೆಲವು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಧಾನ್ಯಚೀಲ

ಮುಚ್ಚಳ ತರುವ ಮೊದಲು ತೂತು ಅಳೆಯಿರಿ, ಹೆಚ್ಚಿನವು ಅರ್ಧ ಇಂಚು. ತಿರುಪು ಬಿಎಸ್‌ಪಿ (ಬ್ರಿಟಿಷ್ ಮಾದರಿ) ಅಥವಾ ಎನ್‌ಪಿಟಿ (ಅಮೆರಿಕದ ಮಾದರಿ), ಯಾವುದು ಎಂದು ಖಚಿತಪಡಿಸಿಕೊಳ್ಳಿ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು ಇರುವುದರಿಂದ ಒಂದರೊಳಗೆ ಇನ್ನೊಂದು ಮೊದಲ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ನಂಬಿಸುತ್ತದೆ. ಹಲ್ಲಿನ ಕೋನ ಒಂದರಲ್ಲಿ 55, ಇನ್ನೊಂದರಲ್ಲಿ 60 ಡಿಗ್ರಿ, ಬಿಗಿ ಮಾಡಿದರೆ ಹಲ್ಲು ಸವೆದು ಸೋರುತ್ತದೆ. ಸ್ಟೀಲಿನದ್ದೇ ತನ್ನಿ, ಟೆಫ್ಲಾನ್ ಟೇಪ್ ಮೂರು ನಾಲ್ಕು ಸುತ್ತು ಸುತ್ತಿ. ಪಾತ್ರೆಯೊಳಗಿನ ಸಿಲಿಕಾನ್ ವಾಷರನ್ನು ಸೂಪಿಗೊಂದು, ಬಿಯರ್‌ಗೊಂದು ಬೇರೆ ಇಟ್ಟುಕೊಂಡು ಗುರುತು ಹಾಕಿ. ಮೊದಲ ಸಲ ನೀರು ತುಂಬಿ ಕುದಿಸಿ, ಬಿಸಿಯಲ್ಲೂ ಸೋರುವುದಿಲ್ಲ ಎಂದು ನೋಡಿದ ಮೇಲೆಯೇ ಮೂಳೆ ಹಾಕಿ.